ಮದುವೆಗೆ ಮುಂಚೆ ದುಡ್ಡಿನ ಮಾತು: ಏನು ಕೇಳಬೇಕು, ಯಾಕೆ ಕೇಳಬೇಕು

2025ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಮೂರ್ತಿಜಾಪುರದಿಂದ ಒಂದು ಸುದ್ದಿ ಬಂದಿತ್ತು. ಎರಡೂ ಮನೆಯವರು ಒಪ್ಪಿ, ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಅಷ್ಟರಲ್ಲಿ ಹುಡುಗಿ ಕಡೆಯ ಹಿರಿಯರೊಬ್ಬರು ಹುಡುಗನ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ಕಟ್ಟುತ್ತಾನಾ ಅಂತ ತೋರಿಸುವ ಅಂಕ, ನೋಡಬೇಕು ಅಂದರು. ನೋಡಿದರೆ ಸ್ಕೋರ್ ಕಡಿಮೆ, ಹೆಸರಲ್ಲಿ ಒಂದಕ್ಕಿಂತ ಜಾಸ್ತಿ ಸಾಲ. ಸಂಬಂಧ ಅಲ್ಲಿಗೇ ಮುರಿದುಬಿತ್ತು. ಆಮೇಲೆ ನಮ್ಮ ಕಡೆಯೂ ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಪ್ರೀತಿಸಿ ಮದುವೆಯಾಗುವವರ ತನಕ ಎಲ್ಲರಿಗೂ ಅದೇ ಅನುಮಾನ. ಇದನ್ನೆಲ್ಲ ಕೇಳಬಹುದಾ? ಕೇಳಿದರೆ ಏನು ಅಂದುಕೊಳ್ಳುತ್ತಾರೋ? ಕೇಳುವುದಾದರೂ ಏನನ್ನು?

ಕೇಳಬೇಕು, ಖಂಡಿತ ಕೇಳಬೇಕು. ಆದರೆ ಸ್ಕೋರ್ ಒಂದನ್ನೇ ನೋಡಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಬುಡದಿಂದ ಶುರು ಮಾಡೋಣ.

ಮದುವೆಯಾದರೆ ದುಡ್ಡು ಒಂದಾಗುತ್ತದಾ?

ಇಲ್ಲ. ನಮ್ಮಲ್ಲಿ ತುಂಬ ಜನಕ್ಕೆ ಇದು ಗೊತ್ತಿಲ್ಲ. ಭಾರತದಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ, ಹೆಂಡತಿಯ ಸಂಬಳದಲ್ಲಿ ಗಂಡನಿಗೆ ಅರ್ಧ ಅಂತ ಆಗುವುದಿಲ್ಲ. ಅವರವರದು ಅವರವರಿಗೆ. ಸಾಲವೂ ಹಾಗೇ. ಗಂಡ ಮದುವೆಗೆ ಮುಂಚೆ ತೆಗೆದ ಪರ್ಸನಲ್ ಲೋನ್ ಅನ್ನು ಹೆಂಡತಿ ತೀರಿಸಬೇಕು ಅಂತ ಯಾವ ಬ್ಯಾಂಕೂ ಹೇಳುವಂತಿಲ್ಲ. ದೂರವಾದಾಗ ಕೋರ್ಟು ಜೀವನಾಂಶ ಕೊಡಿಸಬಹುದು, ಆದರೆ ಅದು ಬೇರೆ, ಆಸ್ತಿ ಪಾಲು ಮಾಡುವುದು ಬೇರೆ. ನಮ್ಮ ದೇಶದಲ್ಲಿ ಗೋವಾ ಇದಕ್ಕೆ ಹೊರತು. ಪೋರ್ಚುಗೀಸರ ಕಾಲದ ಕಾನೂನಿನಿಂದಾಗಿ ಅಲ್ಲಿ ಗಂಡ ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಮದುವೆಯಾದ ಮೇಲೆ ದುಡಿದದ್ದು ಇಬ್ಬರದೂ ಹೌದು. ಅಲ್ಲಿರುವ ಕನ್ನಡಿಗರು ಅಲ್ಲಿನ ಕಾನೂನನ್ನು ಬೇರೆಯಾಗಿ ತಿಳಿದುಕೊಳ್ಳಬೇಕು.

ಅಕ್ಕಪಕ್ಕದ ಎರಡು ಮನೆ, ಎರಡು ಬೋರ್‌ವೆಲ್ ಅಂದುಕೊಳ್ಳಿ. ನಡುವಿನ ಕಾಂಪೌಂಡ್ ಒಡೆದ ಮಾತ್ರಕ್ಕೆ ನೀರು ಒಂದಾಗುವುದಿಲ್ಲ. ಯಾರಾದರೂ ಪೈಪ್ ಎಳೆದರೆ ಮಾತ್ರ ಒಂದಾಗುತ್ತದೆ. ದುಡ್ಡಿನ ವಿಷಯದಲ್ಲಿ ಆ ಪೈಪ್ ಅಂದರೆ ಸಹಿ. ಹೋಮ್ ಲೋನ್‌ಗೆ ಜೊತೆ ಸಾಲಗಾರರಾಗಿ ಹಾಕಿದ ಸಹಿ, ಭಾವನ ಚೀಟಿಗೆ ಜಾಮೀನು ನಿಂತ ಸಹಿ, ಜಂಟಿ ಖಾತೆಯ ಫಾರ್ಮಿನ ಸಹಿ. ಹಾಗಾಗಿ ಇಬ್ಬರೂ ಕೂತು ಮಾತಾಡಬೇಕಾದದ್ದು ಮುಖ್ಯವಾಗಿ ಇದನ್ನೇ. ಈಗಾಗಲೇ ಎಲ್ಲೆಲ್ಲಿ ಸಹಿ ಹಾಕಿದ್ದೀರಿ? ಮುಂದೆ ಎಲ್ಲಿ ಜೊತೆಯಾಗಿ ಹಾಕುತ್ತೀರಿ?

‘ಸಂಬಳ ಎಷ್ಟು’ ಅಂತ ಕೇಳಿದರೆ ಸಾಲದು

ನಮ್ಮಲ್ಲಿ ಸಂಬಳ ಕೇಳುವುದಕ್ಕೆ ಯಾರಿಗೂ ಸಂಕೋಚ ಇಲ್ಲ. ಬ್ರೋಕರ್ ಹೇಳಿರುತ್ತಾನೆ, ಬಯೋಡೇಟಾದಲ್ಲಿ ಬರೆದಿರುತ್ತದೆ. ಅದರಲ್ಲೂ ಹೆಚ್ಚಿನ ಸಲ ಬರೆಯುವುದು ಸಿಟಿಸಿ. ಅಂದರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬರಬಹುದಾದ ಬೋನಸ್ ಎಲ್ಲ ಅದರಲ್ಲೇ ಸೇರಿರುತ್ತದೆ. ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಆ ಕೈಗೆ ಬಂದದ್ದರಲ್ಲೂ ತಿಂಗಳ ಮೊದಲ ವಾರದಲ್ಲೇ ಎಷ್ಟು ಹೋಗಿಬಿಡುತ್ತದೆ ಅನ್ನುವುದು ಬಯೋಡೇಟಾದಲ್ಲಿ ಇರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಕೈಗೆ 80,000 ಬರುತ್ತದೆ ಅಂದುಕೊಳ್ಳಿ. ಬಾಡಿಗೆ 18,000. ಊರಿಗೆ ಅಪ್ಪ ಅಮ್ಮನಿಗೆ 15,000. ಇಂಜಿನಿಯರಿಂಗ್ ಓದಿದ ಎಜುಕೇಷನ್ ಲೋನ್ ಕಂತು 12,000. ಚೀಟಿ 10,000. ಬೈಕ್ ಇಎಂಐ 4,500. ಇಷ್ಟಕ್ಕೇ 59,500 ಆಯಿತು, ಉಳಿದದ್ದು 20,500. ಹುಡುಗಿಗೆ ಕೈಗೆ ಬರುವುದು 55,000. ಪಿಜಿಗೆ 9,000, ಮನೆಗೆ 5,000, ಆರ್‌ಡಿ 10,000. ಉಳಿದದ್ದು 31,000. ಸಂಬಳ ಕಡಿಮೆ ಇರುವವಳ ಕೈಯಲ್ಲೇ ಜಾಸ್ತಿ ಉಳಿಯುತ್ತಿದೆ, ಅಲ್ವಾ? ಅದೂ ಅವಳ ಆರ್‌ಡಿ ಉಳಿತಾಯ. ಅವನ ಹನ್ನೆರಡು ಸಾವಿರ ಸಾಲದ ಕಂತು.

ಇದರಲ್ಲಿ ಹುಡುಗನದು ತಪ್ಪು ಅನ್ನುವಂಥದ್ದು ಏನೂ ಇಲ್ಲ. ಅಪ್ಪ ಅಮ್ಮನಿಗೆ ಕೊಡುವುದು, ಓದಿದ ಸಾಲ ತೀರಿಸುವುದು ಒಳ್ಳೆಯ ಕೆಲಸವೇ. ಆದರೆ ಇವಳು 80,000ದ ಲೆಕ್ಕದಲ್ಲಿ ಮನೆ ಹುಡುಕುತ್ತಿದ್ದು, ಅವನು 20,500ರ ಲೆಕ್ಕದಲ್ಲಿ ಬೆವರುತ್ತಿದ್ದರೆ ಮೊದಲ ತಿಂಗಳಲ್ಲೇ ಜಗಳ. ಊರಿಗೆ ಕಳಿಸುವ ದುಡ್ಡಿನ ಬಗ್ಗೆ ಮಾತ್ರ ಒಂದು ಮಾತು ಜಾಸ್ತಿ ಆಡಬೇಕು. ಎಷ್ಟು ಅನ್ನುವುದರ ಜೊತೆಗೆ, ಎಲ್ಲಿಯವರೆಗೆ? ತಂಗಿ ಮದುವೆಗೆ ಇವನೇ ನಿಲ್ಲಬೇಕಾ? ಹುಡುಗಿ ಮದುವೆಯಾದ ಮೇಲೂ ತವರಿಗೆ ಕಳಿಸುತ್ತಾಳಾ? ಹುಡುಗ ಕಳಿಸುವುದು ಕರ್ತವ್ಯ, ಹುಡುಗಿ ಕಳಿಸುವುದು ವಿಶೇಷ ಅನ್ನುವ ಮಾತು ಈಗಲೂ ಕೇಳಿಬರುತ್ತದೆ. ನನಗೆ ಅದು ಯಾವತ್ತೂ ಒಪ್ಪಿಗೆಯಾಗಿಲ್ಲ. ಹೆತ್ತವರು ಇಬ್ಬರಿಗೂ ಇದ್ದಾರೆ.

ಚೀಟಿ: ಎತ್ತಾಗಿದೆಯಾ, ಇಲ್ಲವಾ?

ಇದನ್ನು ಬೇರೆಯಾಗಿಯೇ ಹೇಳಬೇಕು. ಚೀಟಿ ಅಂದರೆ ಉಳಿತಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅರ್ಧ ಸಲ ಅದು ಸಾಲ.

ಇಪ್ಪತ್ತು ಜನ, ತಿಂಗಳಿಗೆ 5,000 ಕಟ್ಟುತ್ತಾರೆ, ಇಪ್ಪತ್ತು ತಿಂಗಳು. ಪ್ರತಿ ತಿಂಗಳು ಒಂದು ಲಕ್ಷ ಸೇರುತ್ತದೆ. ದುಡ್ಡು ತುರ್ತಾಗಿ ಬೇಕಾದವರು ಕೂಗುತ್ತಾರೆ, ಅಂದರೆ ಅದರಲ್ಲಿ ಎಷ್ಟು ಬಿಟ್ಟುಕೊಡುತ್ತೇನೆ ಅಂತ ಹರಾಜಿನಲ್ಲಿ ಹೇಳುತ್ತಾರೆ. ಮೂರನೇ ತಿಂಗಳು ಒಬ್ಬರು 25,000 ಬಿಟ್ಟುಕೊಟ್ಟು ಕೂಗಿದರು ಅಂದುಕೊಳ್ಳಿ. ಅವರಿಗೆ ಸಿಗುವುದು 75,000. ಬಿಟ್ಟುಕೊಟ್ಟದ್ದರಲ್ಲಿ 5,000 ಚೀಟಿ ನಡೆಸುವವರ ಕಮಿಷನ್, ಮಿಕ್ಕ 20,000 ಇಪ್ಪತ್ತು ಜನಕ್ಕೆ ತಲಾ ಒಂದೊಂದು ಸಾವಿರ ಹಂಚಿಕೆ. ಚೀಟಿ ಎತ್ತಿದವರು ಅಷ್ಟಕ್ಕೇ ಮುಗಿಯಿತು ಅನ್ನುವಂತಿಲ್ಲ, ಇನ್ನೂ ಹದಿನೇಳು ತಿಂಗಳು ಕಟ್ಟಲೇಬೇಕು. ಎತ್ತದೆ ಕೊನೆಯವರೆಗೆ ಕಾದವರಿಗೆ ಅದೇ ಚೀಟಿ ಉಳಿತಾಯ.

ಆದ್ದರಿಂದ ‘ತಿಂಗಳಿಗೆ ಹತ್ತು ಸಾವಿರ ಚೀಟಿ ಕಟ್ಟುತ್ತೇನೆ’ ಅಂದಾಗ ಮುಂದಿನ ಪ್ರಶ್ನೆ ಕೇಳಿ. ಎತ್ತಾಗಿದೆಯಾ? ಇನ್ನೆಷ್ಟು ತಿಂಗಳು ಇದೆ? ನೋಂದಾಯಿಸಿದ ಚೀಟಿಯಾ, ಬೀದಿಯಲ್ಲಿ ಪರಿಚಯದವರು ನಡೆಸುವುದಾ? 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸುವುದಕ್ಕೆ ನೋಂದಣಿ, ಅನುಮತಿ ಬೇಕು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬಾಯಿಮಾತಿನ ಚೀಟಿಯಲ್ಲಿ ನಡೆಸುವವರು ಒಂದು ದಿನ ಮನೆ ಖಾಲಿ ಮಾಡಿದರೆ ಹುಡುಕಿಕೊಂಡು ಹೋಗುವುದಕ್ಕೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಸಿಬಿಲ್‌ನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ನಾವು ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ ಸರಿಯಾಗಿ ಕಟ್ಟಿದ್ದೇವಾ ಅನ್ನುವ ದಾಖಲೆ ಇಡುವ ಕಂಪನಿಗಳು ನಮ್ಮ ದೇಶದಲ್ಲಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಮೊದಲನೆಯದರ ಹೆಸರೇ ಜನರ ಬಾಯಲ್ಲಿ ನಿಂತಿದೆ. ಸ್ಕೋರ್ 300ರಿಂದ 900ರ ತನಕ ಇರುತ್ತದೆ. 750ಕ್ಕಿಂತ ಮೇಲಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಚೆನ್ನಾಗಿದೆ ಅನ್ನುತ್ತವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಬೇಕು. ಸುಮ್ನೆ ದುಡ್ಡು ಕೊಟ್ಟು ತೆಗೆಸಬೇಡಿ.

ಸ್ಕೋರ್‌ಗಿಂತ ವರದಿ ಮುಖ್ಯ. ಅದರಲ್ಲಿ ಯಾವ ಸಾಲ, ಎಷ್ಟು ಬಾಕಿ, ಕಳೆದ 36 ತಿಂಗಳಲ್ಲಿ ಯಾವ ಕಂತು ಎಷ್ಟು ದಿನ ತಡವಾಯಿತು, ಎಲ್ಲ ಇರುತ್ತದೆ. ಬೇರೆಯವರಿಗೆ ಜಾಮೀನು ನಿಂತ ಸಾಲವೂ ಬರುತ್ತದೆ. ಯಾವುದಾದರೂ ಸಾಲದ ಮುಂದೆ ‘ಸೆಟಲ್ಡ್’ ಅಂತ ಇದ್ದರೆ ತೀರಿಹೋಗಿದೆ ಅಂದುಕೊಳ್ಳಬೇಡಿ. ಪೂರ್ತಿ ಕಟ್ಟಲಾಗದೆ, ಬ್ಯಾಂಕಿನ ಜೊತೆ ಮಾತಾಡಿ ಕಡಿಮೆಗೆ ಮುಗಿಸಿಕೊಂಡದ್ದು ಅಂತ ಅದರ ಅರ್ಥ. ಪೂರ್ತಿ ಕಟ್ಟಿ ಮುಗಿಸಿದ್ದಕ್ಕೆ ‘ಕ್ಲೋಸ್ಡ್’ ಅಂತ ಇರುತ್ತದೆ.

ಯಾವತ್ತೂ ಸಾಲವನ್ನೇ ಮಾಡದವರಿಗೆ, ಕ್ರೆಡಿಟ್ ಕಾರ್ಡ್ ಇಲ್ಲದವರಿಗೆ ಸ್ಕೋರೇ ಇರುವುದಿಲ್ಲ. ಅದು ಕೆಟ್ಟದ್ದೇನೂ ಅಲ್ಲ. ಮದುವೆಯಾದರೆ ಇಬ್ಬರ ಸ್ಕೋರ್ ಸೇರುವುದೂ ಇಲ್ಲ. ಆದರೆ ಜೊತೆಯಾಗಿ ತೆಗೆದ ಸಾಲದಲ್ಲಿ ಒಬ್ಬರು ಕಂತು ತಪ್ಪಿಸಿದರೆ ಪೆಟ್ಟು ಇಬ್ಬರಿಗೂ ಬೀಳುತ್ತದೆ.

ಇನ್ನು ಅದರಲ್ಲಿ ಕಾಣದ್ದು ಯಾವುದು? ಗೆಳೆಯನಿಂದ ತಂದ ಕೈಸಾಲ, ಮೀಟರ್ ಬಡ್ಡಿ, ಗಿರವಿ ಅಂಗಡಿಯಲ್ಲಿಟ್ಟ ಬಳೆ, ಬೀದಿ ಚೀಟಿ. ಬಡ್ಡಿ ಜಾಸ್ತಿ ಇರುವುದು ಇವಕ್ಕೇ, ನಿದ್ದೆ ಕೆಡಿಸುವುದೂ ಇವೇ. ಸ್ಕೋರ್ 800 ಇದ್ದು, ಕೈಸಾಲ ನಾಲ್ಕು ಲಕ್ಷ ಇರಬಹುದು. ಅದಕ್ಕೇ ಮೊಬೈಲಿನಲ್ಲಿ ಸ್ಕೋರ್ ನೋಡಿಕೊಂಡು ಸಮಾಧಾನ ಆಗುವುದಕ್ಕಿಂತ, ‘ಯಾರಿಗಾದರೂ ದುಡ್ಡು ಕೊಡಬೇಕಾ’ ಅಂತ ನೇರವಾಗಿ ಕೇಳುವುದೇ ಸರಿ.

ಒಡವೆ ಯಾರದು?

ಮದುವೆಯ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಉಡುಗೊರೆಯಾಗಿ ಬಂದ ಒಡವೆ, ದುಡ್ಡು, ವಸ್ತು ಎಲ್ಲ ಸ್ತ್ರೀಧನ. ತವರಿನವರು ಕೊಟ್ಟದ್ದಾಗಲಿ, ಗಂಡನ ಮನೆಯವರು ಹಾಕಿದ್ದಾಗಲಿ, ಅದು ಅವಳೊಬ್ಬಳದೇ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. 2024ರಲ್ಲೂ ಅದನ್ನೇ ಹೇಳಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂತಿರುಗಿಸುವ ಹೊಣೆ ಅವನದೇ. ವರದಕ್ಷಿಣೆ ಬೇರೆ ಮಾತು. 1961ರ ಕಾಯ್ದೆಯಂತೆ ಕೇಳುವುದೂ, ತೆಗೆದುಕೊಳ್ಳುವುದೂ, ಕೊಡುವುದೂ ಅಪರಾಧ.

ಮನೆಮನೆಯಲ್ಲಿ ಆಗುವುದೇನೆಂದರೆ, ಸೈಟಿಗೆ ಅಡ್ವಾನ್ಸ್ ಕೊಡುವುದಕ್ಕೆ ಐವತ್ತು ಗ್ರಾಂ ಸರ ಅಡ ಇಡುತ್ತಾರೆ. ಸೈಟು ಗಂಡನ ಹೆಸರಿಗೆ ರಿಜಿಸ್ಟರ್ ಆಗುತ್ತದೆ. ಸರ ಬಿಡಿಸಿಕೊಳ್ಳುವುದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇಬ್ಬರಿಗೂ ಒಪ್ಪಿಗೆಯಿದ್ದರೆ ಅಡ್ಡಿಯಿಲ್ಲ, ಆದರೆ ಮೊದಲೇ ಮಾತಾಡಿ. ಒಡವೆ ಯಾವ ಲಾಕರ್‌ನಲ್ಲಿ, ಲಾಕರ್ ಯಾರ ಹೆಸರಲ್ಲಿ, ಅಡ ಇಟ್ಟರೆ ಯಾವಾಗ ಬಿಡಿಸುವುದು? ಪಟ್ಟಿ ಬರೆದು, ಫೋಟೋ ತೆಗೆದು, ಬಿಲ್ ಜೋಪಾನವಾಗಿಡುವುದು ಒಳ್ಳೆಯದು.

ಮನೆ ಖರ್ಚು: ಅರ್ಧ ಅರ್ಧ ಅಂದರೆ ಸಮ ಆಗುತ್ತದಾ?

ಮೇಲಿನ ಹುಡುಗ, ಹುಡುಗಿ ಮದುವೆಯಾದರು ಅಂದುಕೊಳ್ಳಿ. ಬಾಡಿಗೆ, ರೇಷನ್, ಕರೆಂಟು, ಕೆಲಸದವರು ಎಲ್ಲ ಸೇರಿ ತಿಂಗಳಿಗೆ 54,000. ಅರ್ಧ ಅರ್ಧ ಅಂದರೆ ತಲಾ 27,000. ಸಂಬಳದ ಅಳತೆಗೆ ತಕ್ಕಂತೆ ಅಂದರೆ ಅವನು 32,000, ಅವಳು 22,000. ಎರಡನೆಯದೇ ನ್ಯಾಯ ಅನ್ನಿಸುತ್ತದೆ. ಈಗ ಉಳಿಯುವುದನ್ನು ನೋಡಿ. ಹಳೆಯ ಬಾಡಿಗೆ ಬಿಟ್ಟು ಅವನ ಮಿಕ್ಕ ಕಂತುಗಳು 41,500. ಹಾಗಾಗಿ ಮನೆ ಖರ್ಚಿಗೆ 32,000 ಕೊಟ್ಟರೆ ಅವನಿಗೆ ಉಳಿಯುವುದು 6,500. ಅವಳು ಪಿಜಿ ಬಿಟ್ಟ ಮೇಲೆ ಮನೆಗೆ ಕಳಿಸಿ, ಆರ್‌ಡಿ ಕಟ್ಟಿ, 22,000 ಕೊಟ್ಟರೂ 18,000 ಉಳಿಯುತ್ತದೆ. ಅರ್ಧ ಅರ್ಧ ಹಾಕಿದ್ದರೆ ಅವನಿಗೆ 11,500, ಅವಳಿಗೆ 13,000.

ಹಾಗಾದರೆ ಅರ್ಧ ಅರ್ಧವೇ ಸರಿಯಾ? ಅದೂ ಅಷ್ಟು ಸುಲಭ ಅಲ್ಲ. ಅವನ ಚೀಟಿ ಎತ್ತಾಗಿದ್ದು, ಆ ದುಡ್ಡಲ್ಲಿ ಅವನು ಮೊದಲೇ ಏನೋ ಕೊಂಡಿದ್ದರೆ, ಆ ಭಾರ ಅವಳು ಯಾಕೆ ಹೊರಬೇಕು ಅನ್ನಬಹುದು. ಅವಳು ಆಫೀಸಿನಿಂದ ಬಂದು ಅಡುಗೆಯನ್ನೂ ಮಾಡುತ್ತಿದ್ದರೆ ಅದಕ್ಕೆ ಲೆಕ್ಕ ಬೇಡವಾ ಅನ್ನಬಹುದು. ಸೂತ್ರ ಯಾವುದಾದರೂ ಇರಲಿ, ತಿಂಗಳ ಕೊನೆಗೆ ಇಬ್ಬರ ಕೈಯಲ್ಲೂ ಕೇಳದೆ ಖರ್ಚು ಮಾಡುವಷ್ಟು ದುಡ್ಡು ಉಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಸೀರೆಗೆ, ಒಂದು ಶೂಗೆ ಇನ್ನೊಬ್ಬರ ಮುಖ ನೋಡಬೇಕಾದರೆ ಕಷ್ಟ.

ಮನೆ ಖರ್ಚಿಗೆ ಒಂದು ಜಂಟಿ ಖಾತೆ, ಮಿಕ್ಕದ್ದು ಅವರವರ ಖಾತೆಯಲ್ಲಿ ಅನ್ನುವುದು ತುಂಬ ಜನಕ್ಕೆ ಹೊಂದುತ್ತದೆ. ಖಾತೆ ತೆರೆಯುವಾಗ ‘ಐದರ್ ಆರ್ ಸರ್ವೈವರ್’ ಅಂತ ಇದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು, ಒಬ್ಬರು ಇಲ್ಲವಾದರೆ ಇನ್ನೊಬ್ಬರು ನಡೆಸಬಹುದು.

ತೆರಿಗೆಯ ಎರಡು ಮಾತು. ನಮ್ಮಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಪದ್ಧತಿ ಇಲ್ಲ. ಗಂಡ ಹೆಂಡತಿಗೆ ದುಡ್ಡು ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ, ಆದರೆ ಅವಳು ಅದನ್ನು ಎಫ್‌ಡಿ ಇಟ್ಟರೆ ಬಡ್ಡಿ ಅವನ ಆದಾಯಕ್ಕೇ ಸೇರುತ್ತದೆ. ಇನ್ನು ಮದುವೆಗೆ ಮುಂಚೆ ಪ್ರೀತಿಸುವವರು ಕಾನೂನಿನ ಕಣ್ಣಿಗೆ ಸಂಬಂಧಿಗಳಲ್ಲ. ಹಾಗಾಗಿ ವರ್ಷದಲ್ಲಿ 50,000ಕ್ಕಿಂತ ಜಾಸ್ತಿ ಉಡುಗೊರೆ ದುಡ್ಡು ಬಂದರೆ ಪಡೆದವರು ತೆರಿಗೆ ಕಟ್ಟಬೇಕಾಗುತ್ತದೆ. ಮದುವೆಯ ಸಂದರ್ಭದಲ್ಲಿ ಬಂದದ್ದಕ್ಕೆ ಮಾತ್ರ ವಿನಾಯಿತಿ.

ಕಂತು ಕಟ್ಟಿದವರೆಲ್ಲ ಮಾಲೀಕರಲ್ಲ

ಹೋಮ್ ಲೋನ್ ಜಾಸ್ತಿ ಸಿಗಲಿ ಅಂತ ಇಬ್ಬರ ಸಂಬಳವನ್ನೂ ತೋರಿಸುತ್ತಾರೆ. ಜೊತೆ ಸಾಲಗಾರರಾದರೆ ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ. ‘ನನ್ನ ಅರ್ಧ ಕಟ್ಟಿದ್ದೇನೆ’ ಅಂದರೆ ಬ್ಯಾಂಕು ಕೇಳುವುದಿಲ್ಲ. ಆದರೆ ಸಾಲಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುವ ಕ್ರಯಪತ್ರದಲ್ಲಿ ಹೆಸರಿರಬೇಕು. ಖಾತಾದಲ್ಲಿ ಹೆಸರಿದ್ದರೆ ಸಾಕಾ? ಸಾಲದು, ಖಾತಾ ಇರುವುದು ಆಸ್ತಿ ತೆರಿಗೆಯ ಲೆಕ್ಕಕ್ಕೆ. ಆಮೇಲೆ ಹೆಸರು ಸೇರಿಸಬೇಕಾದರೆ ದಾನಪತ್ರ, ಮತ್ತೆ ರಿಜಿಸ್ಟ್ರೇಷನ್, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಅಂತ ಓಡಾಟ. ಮೊದಲ ದಿನವೇ ಎರಡೂ ಹೆಸರು ಬರೆಸುವುದು ಎಷ್ಟೋ ಸುಲಭ.

ನಾಮಿನಿ ಬೇರೆ, ವಾರಸುದಾರ ಬೇರೆ

ನಾಮಿನಿ ಅಂದರೆ ಸಾಮಾನ್ಯವಾಗಿ ದುಡ್ಡು ಕೈಗೆ ತೆಗೆದುಕೊಳ್ಳುವವರು, ಅಷ್ಟೇ. ಅದು ಕೊನೆಗೆ ಯಾರಿಗೆ ಸೇರಬೇಕು ಅನ್ನುವುದು ವಿಲ್ ಇದ್ದರೆ ವಿಲ್ ಪ್ರಕಾರ, ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನಿನ ಪ್ರಕಾರ. ಷೇರುಗಳ ವಿಷಯದಲ್ಲೂ ಇದೇ ನಿಯಮ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ದುಡ್ಡು ಅವರಿಗೇ ಸೇರಬೇಕು ಅಂತ ಕಾಯ್ದೆಯಲ್ಲಿದೆ.

ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮವಾಗಿ ಹೋಗುತ್ತದೆ. ಮದುವೆಯಾದ ಹಿಂದೂ ಹೆಂಗಸು ಸ್ವಂತ ದುಡಿದ ಆಸ್ತಿಯದು ಇನ್ನೊಂದು ಕಥೆ. ವಿಲ್ ಇಲ್ಲ, ಗಂಡ ಮಕ್ಕಳೂ ಇಲ್ಲ ಅಂದರೆ ಅದು ಹೆತ್ತ ಅಪ್ಪ ಅಮ್ಮನಿಗಿಂತ ಮುಂಚೆ ಗಂಡನ ವಾರಸುದಾರರಿಗೆ ಹೋಗುತ್ತದೆ. ತವರಿಗೆ ಆಸರೆಯಾಗಿರುವ ಹೆಣ್ಣುಮಕ್ಕಳು ಇದನ್ನು ಗಮನಿಸಲೇಬೇಕು. ಒಂದು ವಿಲ್ ಬರೆದಿಟ್ಟರೆ ಸಾಕು. ಮುಸ್ಲಿಮರಿಗೆ, ಕ್ರೈಸ್ತರಿಗೆ ಉತ್ತರಾಧಿಕಾರದ ನಿಯಮ ಬೇರೆ.

ಮದುವೆಯಾದ ಮೇಲೆ ಪಿಎಫ್ ನಾಮಿನೇಷನ್ ಹೊಸದಾಗಿ ಮಾಡಬೇಕು. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು. ಹೆಂಡತಿಯೂ ಇರಲಿ, ಅಮ್ಮನೂ ಇರಲಿ ಅನ್ನುವವರಿಗೆ ಇದರಿಂದ ಅನುಕೂಲ.

ಅಂಕಿಗಳ ಹಿಂದೆ ಇರುವುದು

ಇಷ್ಟೆಲ್ಲ ಲೆಕ್ಕ ಸರಿಯಾದರೂ ಜಗಳ ಆಗುವುದುಂಟು. ಯಾಕೆಂದರೆ ದುಡ್ಡು ಯಾಕೆ ಬೇಕು ಅನ್ನುವುದು ಇಬ್ಬರಿಗೂ ಒಂದೇ ಆಗಿರುವುದಿಲ್ಲ. ಅಪ್ಪನ ವ್ಯಾಪಾರ ಮುಳುಗಿ, ಸಾಲ ಕೊಟ್ಟವರು ಬಾಗಿಲಿಗೆ ಬಂದದ್ದನ್ನು ಚಿಕ್ಕಂದಿನಲ್ಲಿ ಕಂಡವರಿಗೆ ಎಫ್‌ಡಿ ಬಿಟ್ಟು ಬೇರೇನೂ ಬೇಡ. ಸೈಟು ಕೊಂಡು ಮಾರಿ ಮೇಲೆ ಬಂದ ಮನೆಯವರಿಗೆ ಎಫ್‌ಡಿ ಅಂದರೆ ದುಡ್ಡು ಮಲಗಿಸಿದ ಹಾಗೆ. ಯಾರದೂ ತಪ್ಪಲ್ಲ. ‘ನಿಮ್ಮನೆಯಲ್ಲಿ ದುಡ್ಡಿಗೆ ಕಷ್ಟ ಬಂದಾಗ ಏನು ಮಾಡುತ್ತಿದ್ದಿರಿ’ ಅಂತ ಕೇಳಿ ನೋಡಿ. ಸಂಬಳದ ಪ್ರಶ್ನೆಗೆ ಸಿಗದಷ್ಟು ವಿಷಯ ಅದಕ್ಕೆ ಸಿಗುತ್ತದೆ.

ಇದೆಲ್ಲ ಮೊದಲು ಎದುರಾಗುವುದು ಮದುವೆ ಖರ್ಚಿನಲ್ಲೇ. ಛತ್ರ ಎಷ್ಟು ದೊಡ್ಡದು, ಊಟಕ್ಕೆ ಎಷ್ಟು ಜನ, ನೆಂಟರಿಗೆಲ್ಲ ಮುಯ್ಯಿ ತೀರಿಸಬೇಕಾ? ಐದು ಲಕ್ಷ ಪರ್ಸನಲ್ ಲೋನ್ ತೆಗೆದರೆ, ಬಡ್ಡಿ 12% ಇದ್ದು ಐದು ವರ್ಷದ ಅವಧಿ ಇದ್ದರೆ, ಕಂತು ಸುಮಾರು 11,100. ಒಟ್ಟು ಕಟ್ಟುವುದು ಸುಮಾರು 6.67 ಲಕ್ಷ. ಮಗು ಹುಟ್ಟಿ ಶಾಲೆಗೆ ಸೇರುವ ಹೊತ್ತಿಗೂ ಆ ಎರಡು ದಿನದ ಮದುವೆಯ ಸಾಲ ತೀರುತ್ತಲೇ ಇರುತ್ತದೆ. ಸಾಲ ಮಾಡಿ ಮದುವೆ ಬೇಡ ಅಂತ ಹೇಳುವ ಧೈರ್ಯ ಇಬ್ಬರೂ ಸೇರಿ ತೋರಿಸಿದರೆ ಮನೆಯವರು ಒಪ್ಪುವುದುಂಟು. ಒಬ್ಬರೇ ಹೇಳಿದರೆ ಕಷ್ಟ.

ಮಾತು ಶುರು ಮಾಡುವುದು ಹೇಗೆ?

ಕೇಳುವ ಮುಂಚೆ ನಿಮ್ಮದನ್ನು ಹೇಳಿ. ‘ನನಗೆ ಇಷ್ಟು ಬರುತ್ತದೆ, ಇಷ್ಟು ಸಾಲ ಇದೆ, ಮನೆಗೆ ಇಷ್ಟು ಕೊಡುತ್ತೇನೆ, ನಿಮ್ಮದು ಹೇಗೆ?’ ಅಂದರೆ ಅದು ವಿಚಾರಣೆ ಅನ್ನಿಸುವುದಿಲ್ಲ. ಒಂದೇ ದಿನ ಎಲ್ಲ ಮುಗಿಸಬೇಕಾಗಿಯೂ ಇಲ್ಲ. ಹಿರಿಯರು ನೋಡಿದ ಸಂಬಂಧವಾದರೆ ನಿಶ್ಚಿತಾರ್ಥಕ್ಕೆ ಮುಂಚೆ, ಇಬ್ಬರೇ ಭೇಟಿಯಾಗುವಾಗ ಮಾತಾಡಿ. ನಾಲ್ಕು ಜನರ ಮುಂದೆ ಯಾರೂ ಕೈಸಾಲದ ವಿಷಯ ಹೇಳುವುದಿಲ್ಲ.

‘ನನ್ನ ಮೇಲೆ ನಂಬಿಕೆ ಇಲ್ವಾ’ ಅನ್ನುವ ಮಾತು ಬರಬಹುದು. ನಂಬಿಕೆ ಇರುವುದಕ್ಕೇ ಕೇಳುತ್ತಿದ್ದೇನೆ ಅನ್ನಿ, ಒಂದೆರಡು ವಾರ ಸಮಯ ಕೊಡಿ. ಸಾಲ ಇರುವವರಿಗೆ ನಾಚಿಕೆ ಇರುತ್ತದೆ, ಅದನ್ನು ಹೇಳಿಕೊಳ್ಳುವುದು ಸುಲಭ ಅಲ್ಲ. ಸಾಲ ಇದೆ ಅಂತ ಹೇಳಿ, ತೀರಿಸುವ ದಾರಿಯನ್ನೂ ಹೇಳಿದರೆ ಹೆದರಬೇಕಾದ್ದಿಲ್ಲ. ಮೂರು ಸಲ ಕೇಳಿದರೂ ಮಾತು ತಿರುಗಿಸಿದರೆ, ಅಥವಾ ಮದುವೆಗೆ ಮುಂಚೆಯೇ ಲೋನ್‌ಗೆ ಸಹಿ ಹಾಕು, ಆಮೇಲೆ ಎಲ್ಲ ಹೇಳುತ್ತೇನೆ ಅಂದರೆ, ಸಹಿ ಹಾಕಬೇಡಿ.

ಮದುವೆಯಾದ ಮೇಲೂ ವರ್ಷಕ್ಕೊಂದು ಸಲ ಇಬ್ಬರೂ ಕೂರಬೇಕು. ಜೂನ್ ಹೊತ್ತಿಗೆ ಆಫೀಸಿನಿಂದ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿದಿದ್ದಾರೆ ಅಂತ ತೋರಿಸುವ ಫಾರ್ಮ್ ಬಂದು ತೆರಿಗೆಯ ಕಾಗದಗಳೆಲ್ಲ ಹೇಗಿದ್ದರೂ ಹೊರಗೆ ಬಂದಿರುತ್ತವೆ. ಅವತ್ತೇ ಇಬ್ಬರ ಸಿಬಿಲ್ ವರದಿ ತೆಗೆಸಿ, ನಾಮಿನಿ ಹೆಸರು ನೋಡಿ, ಯಾವ ಕಂತು ಈ ವರ್ಷ ಮುಗಿಯುತ್ತದೆ ಅಂತ ಬರೆದುಕೊಂಡರೆ ಒಂದು ಸಂಜೆಯ ಕೆಲಸ.